ಕಾಫಿ ಸೀಮೆಯ ಚರ್ಚುಗಳಲ್ಲಿ ಹೊಣೆ ಹಂಚಿದೆ, ಅಧಿಕಾರ?

ಕ್ಯಾಥೊಲಿಕ್ ಧರ್ಮಸಭೆಯ ಆಡಳಿತದಲ್ಲಿ ಪಾದ್ರಿಗಳಲ್ಲದ ಸಾಮಾನ್ಯ ವಿಶ್ವಾಸಿಗಳಿಗೆ ಎಷ್ಟು ಪಾಲು ಸಲ್ಲಬೇಕು? ಮೂರು ವರ್ಷಗಳ ಕಾಲ ವಿಶ್ವದಾದ್ಯಂತ ನಡೆದ ಸಮಾಲೋಚನೆಯ ಬಳಿಕ, 2024ರ ಅಕ್ಟೋಬರ್ 26ರಂದು ರೋಮ್‌ನಲ್ಲಿ ಬಿಷಪರ ಸಿನೊಡ್ ಅಂಗೀಕರಿಸಿದ ಅಂತಿಮ ದಾಖಲೆ ಈ ಪ್ರಶ್ನೆಗೆ ಒಂದು ಉತ್ತರ ನೀಡಿತು. ಪೋಪ್ ಫ್ರಾನ್ಸಿಸ್ ಅದಕ್ಕೆ ತಮ್ಮದೇ ಬೋಧನೆಯ ಸ್ಥಾನಮಾನ ಕೊಟ್ಟರು. 2025ರ ಏಪ್ರಿಲ್‌ನಲ್ಲಿ ಅವರು ನಿಧನರಾದ ನಂತರವೂ ಆ ಕಾರ್ಯಕ್ರಮ ನಿಲ್ಲಲಿಲ್ಲ; ಉತ್ತರಾಧಿಕಾರಿ ಪೋಪ್ ಲಿಯೊ 14 ಅದನ್ನು ಮುಂದುವರಿಸಿದರು. ವ್ಯಾಟಿಕನ್ ಹಾಕಿಕೊಟ್ಟ ವೇಳಾಪಟ್ಟಿಯಂತೆ ಪ್ರತಿಯೊಂದು ಧರ್ಮಪ್ರಾಂತ್ಯವೂ 2026ರ ಡಿಸೆಂಬರ್‌ವರೆಗಿನ ಅವಧಿಯಲ್ಲಿ ಆ ದಾಖಲೆಯ ಆಶಯಗಳನ್ನು ತನ್ನಲ್ಲಿ ಜಾರಿಗೆ ತರಬೇಕು, 2027ರ ಮೊದಲರ್ಧದಲ್ಲಿ ಸಭೆ ಸೇರಿ ಲೆಕ್ಕ ಒಪ್ಪಿಸಬೇಕು.

ರೋಮ್‌ನ ಈ ದಾಖಲೆ ಮೂಡಿಗೆರೆಯ ಘಟ್ಟದಂಚಿನ ಒಂದು ಚರ್ಚಿಗೆ ತಲುಪಿದಾಗ ಏನಾಗುತ್ತದೆ ಎಂಬುದು ಕುತೂಹಲದ ವಿಷಯ. ಏಕೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಚರ್ಚಿನ ಕೆಲಸವನ್ನು ಸಾಮಾನ್ಯ ವಿಶ್ವಾಸಿಗಳು ಹೊತ್ತು ನಡೆದಿರುವುದು ಸಿನೊಡ್ ಹೇಳಿಕೊಟ್ಟ ಮೇಲಲ್ಲ. ಬೆಟ್ಟ, ಮಳೆ ಮತ್ತು ದೂರ ಅದನ್ನು ಹಿಂದೆಯೇ ಅನಿವಾರ್ಯವಾಗಿಸಿದ್ದವು.

ಇಲ್ಲಿನ ಧರ್ಮಪ್ರಾಂತ್ಯದ ಹುಟ್ಟಿಗೂ ಈ ಚರ್ಚೆಗೂ ಒಂದು ನಂಟಿದೆ. ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದದ್ದು 1963ರ ನವೆಂಬರ್ 16ರಂದು. ಅದೇ ಹೊತ್ತಿಗೆ ರೋಮ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯ ಅಧಿವೇಶನ ನಡೆದಿತ್ತು. ಧರ್ಮಸಭೆಯೆಂದರೆ ಪಾದ್ರಿ ಮತ್ತು ಬಿಷಪರ ಶ್ರೇಣಿ ಮಾತ್ರವಲ್ಲ, ದೀಕ್ಷಾಸ್ನಾನ ಪಡೆದ ಸಮಸ್ತ ದೇವಪ್ರಜೆ ಎಂಬ ನಿರೂಪಣೆಯನ್ನು ಆ ಮಹಾಸಭೆ 1964ರ ನವೆಂಬರ್‌ನಲ್ಲಿ ಹೊರಡಿಸಿತು. ಮರುವರ್ಷ ಶ್ರೀಸಾಮಾನ್ಯ ವಿಶ್ವಾಸಿಗಳ ಸೇವಾಕಾರ್ಯದ ಕುರಿತೇ ಪ್ರತ್ಯೇಕ ಆದೇಶಪತ್ರ ಬಂತು. ಮೂವತ್ತೈದರ ವಯಸ್ಸಿನಲ್ಲೇ ಚಿಕ್ಕಮಗಳೂರಿನ ಮೊದಲ ಬಿಷಪ್ ಆಗಿ ನೇಮಕಗೊಂಡ ಆಲ್ಫೋನ್ಸ್ ಮಥಾಯಸ್ 1986ರಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ತೆರಳುವವರೆಗೆ ಇಲ್ಲಿದ್ದರು. 2024ರ ಜುಲೈನಲ್ಲಿ ತೀರಿಕೊಂಡ ಅವರ ಕಾಲದಲ್ಲಿ ಮಹಾಸಭೆಯ ಹೊಸ ಆಲೋಚನೆ ಮತ್ತು ಹೊಸ ಧರ್ಮಪ್ರಾಂತ್ಯ ಒಟ್ಟೊಟ್ಟಿಗೆ ಬೆಳೆದವು. ಆದರೆ ಧರ್ಮಪ್ರಾಂತ್ಯ ಹೊಸದಾದರೂ ಅದರ ಜನ ಹೊಸಬರಾಗಿರಲಿಲ್ಲ. ಕರಾವಳಿಯಿಂದ, ತಮಿಳು ನಾಡಿನಿಂದ, ಹಾಸನ–ಮೈಸೂರು ಬಯಲಿನಿಂದ ಬಂದವರು ತಂತಮ್ಮ ಹಳೆಯ ಚರ್ಚುಗಳ ರೂಢಿಗಳನ್ನೂ ಹೊತ್ತು ತಂದಿದ್ದರು.

ಆ ರೂಢಿಗಳಲ್ಲಿ ಮುಖ್ಯವಾದುದು ಗುರಿಕಾರಿಕೆ. ತುಳುನಾಡಿನ ಹಲವು ಸಮುದಾಯಗಳಲ್ಲಿ ಗುರಿಕಾರನೆಂದರೆ ಊರಿನ ಅಥವಾ ಕೂಟದ ಮುಖಂಡ. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಇದೇ ಪದವನ್ನು ‘ಗುರ್ಕಾರ್’ ಎಂದು ಮಾಡಿಕೊಂಡರು. ಒಂದು ವಾಡೆಯ ಕ್ರೈಸ್ತ ಕುಟುಂಬಗಳಲ್ಲಿ ನಡತೆ ಒಳ್ಳೆಯದೆಂದು ಹೆಸರಾದ ವ್ಯಕ್ತಿಯನ್ನು ಗುರ್ಕಾರನನ್ನಾಗಿ ಆರಿಸುವುದು, ಮದುವೆ ಮಾತುಕತೆಯಿಂದ ಹಿಡಿದು ನೆರೆಹೊರೆಯ ಜಗಳದವರೆಗೆ ಆತನ ಮುಂದೆ ಇಡುವುದು, ಪಾದ್ರಿಯ ಮಾತನ್ನು ಮನೆಗಳಿಗೂ ಮನೆಗಳ ಮಾತನ್ನು ಪಾದ್ರಿಗೂ ಮುಟ್ಟಿಸುವ ಹೊಣೆಯನ್ನು ಆತನಿಗೆ ಕೊಡುವುದು ಹಳೆಯ ಪದ್ಧತಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಕರಾವಳಿಯ ಕ್ಯಾಥೊಲಿಕರು ಕೂಲಿಗಾಗಿ, ರೈಟರ ಕೆಲಸಕ್ಕಾಗಿ, ಮುಂದೆ ಸ್ವಂತ ತೋಟ ಮಾಡುವುದಕ್ಕಾಗಿ ಘಟ್ಟ ಹತ್ತಿದಾಗ ಗುರ್ಕಾರನ ಕಲ್ಪನೆಯೂ ಅವರೊಂದಿಗೆ ಹತ್ತಿತು. ರೋಮ್‌ನಲ್ಲಿ ‘ಸಹಭಾಗಿತ್ವ’ದ ಮಾತು ಕೇಳಿಬರುವುದಕ್ಕೆ ಬಹಳ ಮುಂಚೆಯೇ ಇಲ್ಲಿ ನಾಯಕತ್ವ ಹಂಚಿಕೊಂಡ ಮಾದರಿಯೊಂದು ಇತ್ತೆಂಬುದನ್ನು ಮರೆಯುವಂತಿಲ್ಲ.

ಎರಡನೆಯದು ಉಪದೇಶಿ. ಲೈನು ಮನೆಗಳಲ್ಲಿ ಸಂಜೆ ಜಪಸರ ಪ್ರಾರ್ಥನೆ ನಡೆಸುವ, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ, ಕಾಯಿಲೆ ಬಿದ್ದವರ ಸುದ್ದಿಯನ್ನು ಪಾದ್ರಿಗೆ ತಲುಪಿಸುವ, ಪಾದ್ರಿ ಬರಲಾಗದಾಗ ಸಾವಿನ ಮನೆಯಲ್ಲಿ ಪ್ರಾರ್ಥನೆ ಹೇಳುವ ಈ ವ್ಯಕ್ತಿ ಇಲ್ಲದಿದ್ದರೆ ದೂರದ ತೋಟಗಳಲ್ಲಿ ಧರ್ಮಸಭೆ ಹೆಸರಿಗಷ್ಟೇ ಉಳಿಯುತ್ತಿತ್ತು. ಕಳಸದಿಂದ ಚಿಕ್ಕಮಗಳೂರಿಗೆ ರಸ್ತೆಯಲ್ಲಿ ಸುಮಾರು 90 ಕಿಲೋಮೀಟರ್. ಮುಂಗಾರಿನ ತಿಂಗಳುಗಳಲ್ಲಿ ಭದ್ರೆ ಉಕ್ಕುತ್ತದೆ, ಮರ ಉರುಳಿ ದಾರಿ ಕಟ್ಟುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದಾಗ ಊರೂರುಗಳೇ ದ್ವೀಪಗಳಾದವು. ಇಂಥ ಸೀಮೆಯಲ್ಲಿ ಒಬ್ಬ ಪಾದ್ರಿ ಒಂದು ಧರ್ಮಕೇಂದ್ರವನ್ನೂ ಅದರ ಉಪಕೇಂದ್ರಗಳನ್ನೂ ಹಲವೆಡೆ ಅದಕ್ಕೆ ಸೇರಿದ ಶಾಲೆಯನ್ನೂ ಒಬ್ಬನೇ ನಡೆಸುವುದು ಆಗದ ಮಾತು. ಪೋಪ್ ಫ್ರಾನ್ಸಿಸ್ 2021ರ ಮೇ ತಿಂಗಳಲ್ಲಿ ಉಪದೇಶಿಯ ಕೆಲಸವನ್ನು ಧರ್ಮಸಭೆಯ ಅಧಿಕೃತ ಸೇವಾಪದವಿಯಾಗಿ ಸ್ಥಾಪಿಸಿದರು. ಮಲೆನಾಡಿನ ಲೈನು ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಕೆಲಸಕ್ಕೆ ತಡವಾಗಿ ಸಿಕ್ಕ ಮುದ್ರೆ ಅದು.

ಹಾಗಾದರೆ ಕೊರತೆ ಎಲ್ಲಿದೆ?

ಸಮಾಲೋಚನೆಯೇ ಹೊರತು ತೀರ್ಮಾನವಲ್ಲ

ಇಂದು ಪ್ರತಿ ಲ್ಯಾಟಿನ್ ಕ್ಯಾಥೊಲಿಕ್ ಧರ್ಮಕೇಂದ್ರದಲ್ಲಿ ಸಾಮಾನ್ಯವಾಗಿ ಎರಡು ಸಮಿತಿಗಳಿರುತ್ತವೆ. ಒಂದು ಪಾಲನಾ ಮಂಡಳಿ. ಇನ್ನೊಂದು ಹಣಕಾಸು ಸಮಿತಿ. ಪಾಲನಾ ಮಂಡಳಿಗೆ ಧರ್ಮಗುರುವೇ ಅಧ್ಯಕ್ಷ, ಉಪಾಧ್ಯಕ್ಷ ಮತ್ತು ಕಾರ್ಯದರ್ಶಿ ಸಾಮಾನ್ಯ ವಿಶ್ವಾಸಿಗಳು. ವಾರ್ಷಿಕ ಹಬ್ಬದ ಸಿದ್ಧತೆ, ಮೆರವಣಿಗೆ, ಗಾಯನವೃಂದ, ಬಡ ಮಕ್ಕಳ ಶುಲ್ಕ, ಸ್ಮಶಾನದ ಬೇಲಿ ಎಲ್ಲವೂ ಇವರ ಮೈಮೇಲೆ. ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಹಬ್ಬದ ವರದಿಯ ಕೊನೆಗೆ ಬರುವ ಹೆಸರುಗಳ ಪಟ್ಟಿಯನ್ನು ನೋಡಿದವರಿಗೆ ಇದು ಹೊಸದಲ್ಲ.

ಆದರೆ 1983ರಲ್ಲಿ ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆ ಇವೆರಡನ್ನೂ ನೋಡುವ ರೀತಿ ಬೇರೆ. ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರಕ್ಕೂ ಕಡ್ಡಾಯ. ಪಾಲನಾ ಮಂಡಳಿ ಬಿಷಪರು ಸೂಕ್ತವೆಂದು ಭಾವಿಸಿದರೆ ಮಾತ್ರ, ಅದೂ ಸಲಹೆ ನೀಡುವುದಕ್ಕಷ್ಟೇ. ಕಾನೂನಿನ ಎಲ್ಲ ವ್ಯವಹಾರಗಳಲ್ಲಿ ಧರ್ಮಕೇಂದ್ರವನ್ನು ಪ್ರತಿನಿಧಿಸುವವರು ಧರ್ಮಗುರು ಒಬ್ಬರೇ. ಮಂಡಳಿಯ ಇಪ್ಪತ್ತು ಸದಸ್ಯರು ಒಂದು ಮಾತು ಹೇಳಿ ಧರ್ಮಗುರು ಇನ್ನೊಂದು ಹೇಳಿದರೆ ನಡೆಯುವುದು ಎರಡನೆಯದು. ವಿಶ್ವಾಸಿಗಳು ಕೊಟ್ಟ ಕಾಣಿಕೆಯ ಲೆಕ್ಕವನ್ನು ಅವರಿಗೇ ಒಪ್ಪಿಸಬೇಕೆಂದು ಅದೇ ಸಂಹಿತೆ ಹೇಳುತ್ತದಾದರೂ ಹೇಗೆ, ಯಾವಾಗ ಎಂಬುದನ್ನು ಸ್ಥಳೀಯ ನಿಯಮಕ್ಕೆ ಬಿಟ್ಟಿದೆ. ಒಬ್ಬ ಧರ್ಮಗುರು ಲೆಕ್ಕಪತ್ರವನ್ನು ಚರ್ಚಿನ ಫಲಕದಲ್ಲಿ ಅಂಟಿಸಿದರೆ ಅದು ಆತನ ಸಜ್ಜನಿಕೆ. ಐದಾರು ವರ್ಷಗಳಲ್ಲಿ ಆತ ವರ್ಗವಾಗಿ ಹೋದ ಮೇಲೆ ಬಂದವರು ಅಂಟಿಸದಿದ್ದರೆ ಕೇಳುವವರು ಹಿಂಜರಿಯುತ್ತಾರೆ. ಕೆಲಸ ಹಂಚಿಕೆಯಾಗಿದೆ, ತೀರ್ಮಾನ ಹಂಚಿಕೆಯಾಗಿಲ್ಲ ಎಂಬ ದೂರು ಹುಟ್ಟುವುದು ಇಲ್ಲಿಯೇ.

2024ರ ದಾಖಲೆ ಕೈಹಾಕಿರುವುದೂ ಇದೇ ಗಂಟಿಗೆ. ಪಾಲನಾ ಮಂಡಳಿಗಳನ್ನು ಕಡ್ಡಾಯಗೊಳಿಸಬೇಕು. ಸದಸ್ಯರ ಆಯ್ಕೆ ಒಬ್ಬರ ಇಷ್ಟಾನಿಷ್ಟಕ್ಕೆ ಬಿಡದೆ ಚುನಾವಣೆಯಿಂದಲೋ ಸಮುದಾಯದ ಅಭಿಪ್ರಾಯ ಪಡೆದೋ ನಡೆಯಬೇಕು. ಕಾರ್ಯಸೂಚಿಗೆ ವಿಷಯ ಸೇರಿಸುವ ಹಕ್ಕು ಸದಸ್ಯರಿಗೂ ಇರಬೇಕು. ವಾರ್ಷಿಕ ಹಣಕಾಸು ವರದಿ ಪಾರದರ್ಶಕವಾಗಿರಬೇಕು ಎಂದು ಅದು ಹೇಳುತ್ತದೆ. ಅಂತಿಮ ತೀರ್ಮಾನದ ಅಧಿಕಾರವನ್ನು ಬಿಷಪ್ ಮತ್ತು ಧರ್ಮಗುರುವಿನ ಕೈಯಿಂದ ಅದು ಕಿತ್ತುಕೊಂಡಿಲ್ಲ. ಆದರೆ ಸಮಾಲೋಚನೆಯಲ್ಲಿ ಮೂಡಿಬಂದ ಒಮ್ಮತವನ್ನು ಬದಿಗೊತ್ತುವ ಸ್ವಾತಂತ್ರ್ಯ ಅವರಿಗೆ ಮನಬಂದಂತೆ ಇರಕೂಡದು, ಬಲವಾದ ಕಾರಣವಿರಬೇಕು, ಆ ಕಾರಣವನ್ನು ಹೇಳಬೇಕು ಎಂಬ ನಿಲುವು ತಾಳಿದೆ. ಹೊರಗಿನವರಿಗೆ ಇದು ಸಣ್ಣ ತಿದ್ದುಪಡಿಯಂತೆ ಕಂಡೀತು. ಕಾರಣ ಹೇಳಬೇಕಾದ ಅಧಿಕಾರಕ್ಕೂ ಹೇಳಬೇಕಿಲ್ಲದ ಅಧಿಕಾರಕ್ಕೂ ಎಷ್ಟು ಅಂತರವಿದೆ ಎಂಬುದು ಯಾವುದೇ ಸರ್ಕಾರಿ ಕಚೇರಿಗೆ ಅರ್ಜಿ ಹಿಡಿದು ಅಲೆದವರಿಗೆ ಗೊತ್ತು. ದಾಖಲೆಯ ಮಾತು ಸಂಹಿತೆಯ ಕಾನೂನಾಗಿ ಬದಲಾಗುವವರೆಗೆ ಇದೆಲ್ಲ ಆಯಾ ಬಿಷಪರ ಇಚ್ಛಾಶಕ್ತಿಯನ್ನೇ ಅವಲಂಬಿಸಿದೆ ಎಂಬುದೂ ನಿಜ.

ಒಂದೇ ಜಿಲ್ಲೆ, ಮೂರು ಪದ್ಧತಿ

ಪಾಲು ಕೊಡುವುದಕ್ಕೆ ಬೇರೆ ದಾರಿಗಳಿಲ್ಲವೆ ಎಂದು ಕೇಳುವವರು ದೂರ ಹೋಗಬೇಕಿಲ್ಲ. ಇದೇ ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ, ಬಾಳೆಹೊನ್ನೂರು ಕಡೆ ಕೇರಳದಿಂದ ವಲಸೆ ಬಂದು ನೆಲೆಸಿದ ಸಿರೊ ಮಲಬಾರ್ ಕ್ಯಾಥೊಲಿಕರಿದ್ದಾರೆ. 2007ರಲ್ಲಿ ಸ್ಥಾಪನೆಯಾದ ಭದ್ರಾವತಿ ಧರ್ಮಪ್ರಾಂತ್ಯ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಈ ಸಮುದಾಯಕ್ಕೆ ಸೇರಿದ್ದು. ಇವರೂ ಪೋಪರ ಅಧೀನದಲ್ಲೇ ಇರುವವರು. ಆದರೆ ಇವರಲ್ಲಿ ‘ಪಳ್ಳಿಯೋಗ’ ಎಂಬ ಪ್ರಾಚೀನ ಪದ್ಧತಿಯಿದೆ: ಧರ್ಮಕೇಂದ್ರದ ಕುಟುಂಬಗಳು ಸೇರುವ ಮಹಾಸಭೆ, ಅದರಿಂದ ಆರಿಸಲಾದ ಪ್ರತಿನಿಧಿಗಳು, ಚರ್ಚಿನ ಆಸ್ತಿ–ಲೆಕ್ಕ ನೋಡುವ ಕೈಕಾರರು. ಹಿಂದಿನ ಕಾಲದ ಅಧಿಕಾರ ಇಂದು ಅದಕ್ಕಿಲ್ಲದಿದ್ದರೂ ಲೆಕ್ಕ ಮಂಡನೆ ಮತ್ತು ಆಯವ್ಯಯ ಚರ್ಚೆಗೆ ಸಭೆ ಸೇರುವ ಅಭ್ಯಾಸ ಉಳಿದುಕೊಂಡಿದೆ.

ಇನ್ನೊಂದು ಮಾದರಿ ಪ್ರೊಟೆಸ್ಟೆಂಟ್ ಸಭೆಗಳದು. 1947ರ ಸೆಪ್ಟೆಂಬರ್ 27ರಂದು ಹಲವು ಮಿಷನ್ ಸಭೆಗಳು ಒಂದಾಗಿ ರೂಪುಗೊಂಡ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ತನ್ನ ಸಂವಿಧಾನದಲ್ಲೇ ಚುನಾವಣೆಯನ್ನು ಬರೆದುಕೊಂಡಿದೆ. ಸ್ಥಳೀಯ ಸಭಾ ಸಮಿತಿಯಿಂದ ಹಿಡಿದು ಧರ್ಮಪ್ರಾಂತ್ಯದ ಪರಿಷತ್ತು ಮತ್ತು ಸಿನೊಡ್‌ವರೆಗೆ ಸಾಮಾನ್ಯ ಸಭಿಕರು ಮತ ಹಾಕುತ್ತಾರೆ; ಬಿಷಪರ ಆಯ್ಕೆಯ ಪಟ್ಟಿ ತಯಾರಿಸುವುದರಲ್ಲೂ ಅವರ ಪಾತ್ರವಿದೆ. ಮಹಿಳೆಯರು ಸಭಾಪಾಲಕರಾಗಬಹುದು, 2013ರಲ್ಲಿ ಆಂಧ್ರಪ್ರದೇಶದ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಬಿಷಪ್ ಆದರು. ಹಾಗೆಂದು ಮತಪೆಟ್ಟಿಗೆ ಬಂದೊಡನೆ ಎಲ್ಲವೂ ಸರಿಹೋಯಿತೆಂದು ಹೇಳಲಾಗದು. ಸಿಎಸ್‌ಐ ಸಿನೊಡ್‌ನ 2023ರ ಚುನಾವಣೆಯ ವಿವಾದ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಆಡಳಿತ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿ ಆ ನ್ಯಾಯಾಲಯ ಆದೇಶಿಸಿತು. ಅಲ್ಲಿಂದ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಬಣ, ಜಾತಿ, ಆಸ್ತಿ ಈ ಮೂರೂ ಚುನಾವಣೆಯ ಬೆನ್ನಿಗೆ ಬರುತ್ತವೆ ಎಂಬುದನ್ನು ನಮ್ಮ ಸಹಕಾರ ಸಂಘಗಳನ್ನು ಬಲ್ಲವರಿಗೆ ವಿವರಿಸಬೇಕಿಲ್ಲ.

ಯಾರ ಕೈಗೆ ಹಂಚಿಕೆ?

ಕಾಫಿ ಸೀಮೆಯ ನಿಜವಾದ ತೊಡಕು ಇಲ್ಲಿಂದ ಮುಂದಕ್ಕಿದೆ. ಧರ್ಮಗುರುವಿನ ಅಧಿಕಾರದಲ್ಲಿ ಪಾಲು ಕೊಡಿ ಎಂದಾಗ ಆ ಪಾಲು ತಲುಪುವುದು ಯಾರಿಗೆ?

ಧರ್ಮಸಭೆಯ ಭಾಷೆಯಲ್ಲಿ ಪಾದ್ರಿಯಲ್ಲದವರೆಲ್ಲರೂ ‘ಶ್ರೀಸಾಮಾನ್ಯರು’. ಆದರೆ ತೋಟದ ಲೋಕದಲ್ಲಿ ಅವರೆಲ್ಲರೂ ಒಂದೇ ಅಲ್ಲ. ತೋಟದ ಧಣಿ ಶ್ರೀಸಾಮಾನ್ಯ, ಎರಡೆಕರೆಯ ಸಣ್ಣ ಬೆಳೆಗಾರ ಶ್ರೀಸಾಮಾನ್ಯ, ಹಾಜರಿ ಬರೆಯುವ ರೈಟರು ಶ್ರೀಸಾಮಾನ್ಯ, ಬೆನ್ನಿಗೆ ಚೀಲ ಕಟ್ಟಿಕೊಂಡು ಹಣ್ಣು ಕೊಯ್ಯುವ ಹೆಂಗಸೂ ಶ್ರೀಸಾಮಾನ್ಯಳೇ. ಕ್ಯಾಥೊಲಿಕ್ ಬೆಳೆಗಾರ ಕುಟುಂಬಗಳು ಎಣಿಕೆಯಲ್ಲಿ ಹೆಚ್ಚಿಲ್ಲ. ಆದರೂ ಚರ್ಚಿಗೆ ಜಾಗ ಕೊಟ್ಟವರು, ಗಂಟೆಗೋಪುರಕ್ಕೆ ದೇಣಿಗೆ ಕೊಟ್ಟವರು, ಓದುಬರಹ ಬಲ್ಲವರು, ಜೀಪು ಇರುವವರು ಸಹಜವಾಗಿ ಸಮಿತಿಯ ಮುಂದಿನ ಸಾಲಿಗೆ ಬರುತ್ತಾರೆ. ಇದರಲ್ಲಿ ದುರುದ್ದೇಶ ಹುಡುಕಬೇಕಿಲ್ಲ. ಅವರಲ್ಲಿ ಚರ್ಚಿಗಾಗಿ ದುಡಿದವರು ಬಹಳ ಮಂದಿ. ಆದರೆ ಬೆಳಿಗ್ಗೆ ತನ್ನ ಹಾಜರಿ ಬರೆದ ರೈಟರು ಸಂಜೆ ಸಭೆಯಲ್ಲಿ ಎದುರು ಕುಳಿತಿರುವಾಗ ಲೈನು ಮನೆಯ ಕಾರ್ಮಿಕ ಅವರ ಮಾತಿಗೆ ಎದುರಾಡುವನೆಂದು ನಿರೀಕ್ಷಿಸುವುದು ತೋಟವನ್ನು ಅರಿಯದವರ ಮಾತಾದೀತು.

ಇಂಥ ಕಡೆ ಧರ್ಮಗುರುವಿನ ಏಕಾಧಿಕಾರ ಒಂದು ಉಪಕಾರವನ್ನೂ ಮಾಡಿದೆಯೆಂಬುದನ್ನು ಸುಧಾರಣೆಯ ಪರವಾದಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಪಾದ್ರಿ ಹೊರಗಿನವನು, ಆತನಿಗೆ ತೋಟವಿಲ್ಲ, ಸಂಬಂಧಿಕರಿಲ್ಲ, ಐದಾರು ವರ್ಷಕ್ಕೆ ಹೋಗುವವನು. ಧಣಿಯ ಎದುರು ಕೂಲಿಕಾರನ ಮಗುವಿಗೆ ಶಾಲೆಯಲ್ಲಿ ಸೀಟು ಕೊಡಬಲ್ಲವನು, ಶವಸಂಸ್ಕಾರದಲ್ಲಿ ಬಡವ–ಬಲ್ಲಿದ ಭೇದ ಮಾಡದೆ ನಡೆಯಬಲ್ಲವನು ಅವನೇ. ಆ ಅಧಿಕಾರವನ್ನು ಅವನಿಂದ ತೆಗೆದು ಸಮಿತಿಗೆ ಕೊಟ್ಟರೆ, ಸಮಿತಿಯ ರಚನೆ ಈಗಿರುವಂತೆಯೇ ಉಳಿದರೆ, ಅಧಿಕಾರ ಪಾದ್ರಿಯಿಂದ ಧಣಿಗೆ ಕೈ ಬದಲಾಯಿಸಿದಂತಷ್ಟೇ ಆದೀತು. ಪಾದ್ರಿಗೆ ಮೇಲೊಬ್ಬ ಬಿಷಪ್ ಇದ್ದಾರೆ. ಧಣಿಗೆ ಮೇಲೆ ಯಾರೂ ಇಲ್ಲ. ಆದ್ದರಿಂದ ಎಷ್ಟು ಹಂಚಬೇಕು ಎಂಬುದಕ್ಕಿಂತ ಮೊದಲು ಯಾರಿಗೆ ಹಂಚಬೇಕು ಎಂಬ ಪ್ರಶ್ನೆ ಬಗೆಹರಿಯಬೇಕಾಗಿದೆ. ಸಮಿತಿಗಳಲ್ಲಿ ಮಹಿಳೆಯರಿಗೂ ಯುವಜನರಿಗೂ ಬಡತನದಲ್ಲಿರುವವರಿಗೂ ಅಂಚಿನವರಿಗೂ ಹೆಚ್ಚಿನ ಸ್ಥಾನ ಸಿಗಬೇಕೆಂದು ಸಿನೊಡ್ ದಾಖಲೆ ಒತ್ತಿಹೇಳಿರುವುದು ಮಲೆನಾಡಿಗಾಗಿಯೇ ಬರೆದಂತಿದೆ.

ಭಾಷೆಯದು ಇನ್ನೊಂದು ಪದರ. ಕರಾವಳಿಯಿಂದ ಬಂದವರ ಮನೆಮಾತು ಕೊಂಕಣಿ, ಹಳೆಯ ತೋಟ ಕಾರ್ಮಿಕರಲ್ಲಿ ಹಲವರದು ತಮಿಳು, ಬಯಲಿನಿಂದ ಬಂದವರದು ಮತ್ತು ಎಲ್ಲರ ವ್ಯವಹಾರದ ಭಾಷೆ ಕನ್ನಡ. ಬಲಿಪೂಜೆ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಬೆಂಗಳೂರು ಮಹಾಧರ್ಮಪ್ರಾಂತ್ಯವನ್ನು ದಶಕಗಳ ಕಾಲ ಕಾಡಿತು. ಆಳದಲ್ಲಿ ಅದು ಹಾಡು–ಪ್ರಾರ್ಥನೆಯ ಪ್ರಶ್ನೆಯಷ್ಟೇ ಆಗಿರಲಿಲ್ಲ. ಬಿಷಪ್ ಪದವಿ, ಗುರುಮಠದ ಆಡಳಿತ, ಮುಖ್ಯ ಚರ್ಚುಗಳ ಹೊಣೆ ಕನ್ನಡದವರಿಗೆ ಸಿಗುತ್ತಿಲ್ಲ ಎಂಬ ನಾಯಕತ್ವದ ದೂರು ಅದರೊಳಗಿತ್ತು. ಕಾಫಿ ಬೆಟ್ಟಗಳಲ್ಲಿ ಈ ವಿಷಯ ಆ ಮಟ್ಟಕ್ಕೆ ಬೆಳೆಯಲಿಲ್ಲ. ಆದರೂ ಸಮಿತಿಯ ಮಾತುಕತೆ ಕೊಂಕಣಿಗೆ ಹೊರಳಿದ ಕ್ಷಣವೇ ತಮಿಳು ಲೈನಿನ ಸದಸ್ಯ ಮೌನಿಯಾಗುತ್ತಾನೆ. ನಡಾವಳಿ ಕನ್ನಡದಲ್ಲಿರಬೇಕೆಂಬ ಒಂದು ಸರಳ ನಿಯಮ ಎಷ್ಟೋ ಘೋಷಣೆಗಳಿಗಿಂತ ಹೆಚ್ಚು ಕೆಲಸ ಮಾಡಬಲ್ಲದು.

ಮಹಿಳೆಯರ ವಿಷಯಕ್ಕೆ ಬಂದರೆ ಹೋಲಿಕೆ ಇನ್ನಷ್ಟು ಕಟುವಾಗುತ್ತದೆ. 1987ರ ಪಂಚಾಯಿತಿ ಚುನಾವಣೆಯಲ್ಲೇ ಕರ್ನಾಟಕ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತ್ತು. 73ನೇ ತಿದ್ದುಪಡಿಯ ಬಳಿಕ ಅದು ಮೂರನೇ ಒಂದು ಭಾಗವಾಯಿತು, 2010ರ ಕಾಯ್ದೆಯಿಂದ ಅರ್ಧಕ್ಕೇರಿತು. ಹೀಗಾಗಿ ಮೂಡಿಗೆರೆಯ ಅಥವಾ ಕಳಸದ ತೋಟ ಕಾರ್ಮಿಕ ಮಹಿಳೆಯೊಬ್ಬಳು ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಿ ಲಕ್ಷಾಂತರ ರೂಪಾಯಿಯ ಚೆ‌ಕ್ಕಿಗೆ ಸಹಿ ಮಾಡಬಲ್ಲಳು. ಅದೇ ಮಹಿಳೆಗೆ ತನ್ನ ಚರ್ಚಿನ ಹಣಕಾಸು ಸಮಿತಿಯಲ್ಲಿ ಸ್ಥಾನ ಕೊಡಲೇಬೇಕೆಂಬ ನಿಯಮ ಸಂಹಿತೆಯಲ್ಲಿಲ್ಲ. ಭಾರತದ ಬಿಷಪರ ಸಮ್ಮೇಳನ 2010ರಲ್ಲೇ ಲಿಂಗ ಸಮಾನತೆಯ ನೀತಿಯೊಂದನ್ನು, 2016ರಲ್ಲಿ ದಲಿತ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿತು. ನೀತಿಗಳಿಗೆ ಕೊರತೆಯಿಲ್ಲ.

ವ್ಯಾಟಿಕನ್ ಸ್ವತಃ ಇದರಲ್ಲಿ ಕೆಲವು ಹೆಜ್ಜೆ ಮುಂದಿಟ್ಟಿದೆ. 2023ರ ಅಕ್ಟೋಬರ್ ಅಧಿವೇಶನದಲ್ಲಿ ಮೊದಲ ಬಾರಿಗೆ ಮಹಿಳೆಯರು ಸಿನೊಡ್‌ನಲ್ಲಿ ಮತ ಹಾಕಿದರು. 2025ರ ಜನವರಿಯಲ್ಲಿ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ವ್ಯಾಟಿಕನ್ನಿನ ಒಂದು ಪ್ರಧಾನ ಇಲಾಖೆಯ ಮುಖ್ಯಸ್ಥೆಯಾದರು. ಧರ್ಮಸಭೆಯ ನಾಯಕತ್ವದಲ್ಲಿ ಮಹಿಳೆಯರ ಸ್ಥಾನವನ್ನು ಹೇಳುವ, ಉಪಯಾಜಕ ದೀಕ್ಷೆಯ ಪ್ರಶ್ನೆಯನ್ನು ತೆರೆದಿಟ್ಟ ಪರಿಚ್ಛೇದಕ್ಕೆ ಅಂತಿಮ ದಾಖಲೆಯಲ್ಲೇ ಅತಿ ಹೆಚ್ಚು ವಿರೋಧ ಮತಗಳು ಬಿದ್ದವು: ಪರ 258, ವಿರುದ್ಧ 97. ಪಾಸಾಯಿತು, ಆದರೆ ಮನಸ್ಸುಗಳು ಎಲ್ಲಿವೆ ಎಂಬುದನ್ನೂ ತೋರಿಸಿತು.

ಇವರಾರ ಲೆಕ್ಕಕ್ಕೂ ಸಿಗದವರು ಹೊಸ ವಲಸಿಗರು. ಸ್ಥಳೀಯ ಕೂಲಿಕಾರರು ಸಿಗದೆ ಬೆಳೆಗಾರರು ಈಚಿನ ವರ್ಷಗಳಲ್ಲಿ ಅಸ್ಸಾಂ, ಜಾರ್ಖಂಡ್ ಮೊದಲಾದ ಕಡೆಯ ಕಾರ್ಮಿಕರನ್ನು ಅವಲಂಬಿಸಿದ್ದಾರೆ. ಆ ರಾಜ್ಯಗಳ ಆದಿವಾಸಿ ಸಮುದಾಯಗಳಲ್ಲಿ ಕ್ರೈಸ್ತರ ಸಂಖ್ಯೆ ಸಣ್ಣದಲ್ಲ. ಆರು ತಿಂಗಳು ಒಂದು ತೋಟ, ಮತ್ತಾರು ತಿಂಗಳು ಇನ್ನೊಂದು ಎಂದು ತಿರುಗುವವರ ಹೆಸರು ಧರ್ಮಕೇಂದ್ರದ ದಫ್ತರದಲ್ಲಿ ಇರುವುದಿಲ್ಲ. ವಾಡೆ, ಗುರ್ಕಾರ, ಕುಟುಂಬ ಪ್ರತಿನಿಧಿ ಎಂಬ ಇಡೀ ವ್ಯವಸ್ಥೆ ನೆಲೆನಿಂತವರಿಗಾಗಿ ಕಟ್ಟಿದ್ದು. ನೂರು ವರ್ಷದ ಹಿಂದೆ ಕರಾವಳಿಯವರು, ತಮಿಳರು ಇದೇ ಸ್ಥಿತಿಯಲ್ಲಿ ಬಂದವರೆಂಬ ನೆನಪು ಈಗ ಬಹಳ ಮಂದಿಗೆ ಉಳಿದಂತಿಲ್ಲ.

ಬಿಕ್ಕಟ್ಟು ಬಾಗಿಲಿಗೆ ಬಂದ ಮೇಲೆ

ಅಧಿಕಾರ ಹಂಚಿಕೆಯನ್ನು ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ ಸುತ್ತಮುತ್ತಲ ಉದಾಹರಣೆಗಳಿವೆ. ಚಿಕ್ಕಮಗಳೂರಿನ ಮಾತೃಸ್ಥಾನವಾದ ಮೈಸೂರು ಧರ್ಮಪ್ರಾಂತ್ಯದಲ್ಲಿ 2019ರಲ್ಲಿ 37 ಪಾದ್ರಿಗಳು ತಮ್ಮ ಬಿಷಪರ ವಿರುದ್ಧ ಪೋಪರಿಗೆ ದೂರು ಬರೆದರು. ಆರೋಪಗಳನ್ನು ಬಿಷಪರು ನಿರಾಕರಿಸಿದರು. ವ್ಯಾಟಿಕನ್ ಕ್ರಮ ಕೈಗೊಂಡು ಬೆಂಗಳೂರಿನ ನಿವೃತ್ತ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಮೊರಾಸ್ ಅವರನ್ನು ಆಡಳಿತಾಧಿಕಾರಿಯಾಗಿ ನೇಮಿಸಿದ್ದು 2023ರ ಜನವರಿಯಲ್ಲಿ. ದೂರಿಗೂ ಕ್ರಮಕ್ಕೂ ನಡುವಿನ ಮೂರು ವರ್ಷಗಳಲ್ಲಿ ಸಾಮಾನ್ಯ ವಿಶ್ವಾಸಿಗಳಿಗೆ ಸತ್ಯಾಸತ್ಯ ತಿಳಿಯುವ, ಪ್ರಶ್ನಿಸುವ ಅಧಿಕೃತ ವೇದಿಕೆಯೊಂದು ಇರಲಿಲ್ಲ. ಮಾತುಗಳೆಲ್ಲ ಬೀದಿಯಲ್ಲಿ, ಪತ್ರಿಕೆಗಳಲ್ಲಿ, ಮೊಬೈಲುಗಳಲ್ಲಿ ನಡೆದವು. ಕೇರಳದ ಎರ್ನಾಕುಳಂ–ಅಂಗಮಾಲಿಯಲ್ಲಿ ಚರ್ಚಿನ ಭೂಮಿ ಮಾರಾಟದ ವಿವಾದ ವರ್ಷಗಟ್ಟಲೆ ಎಳೆಯಿತು. ಅದರ ಕೇಂದ್ರದಲ್ಲಿದ್ದ ಕಾರ್ಡಿನಲ್ ಜಾರ್ಜ್ ಆಲಂಚೇರಿ 2023ರ ಡಿಸೆಂಬರ್‌ನಲ್ಲಿ ಪದತ್ಯಾಗ ಮಾಡಿದರು. ಅದಕ್ಕೂ ಮುಂಚೆ, 2009ರಲ್ಲಿ, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನೇತೃತ್ವದ ಕಾನೂನು ಸುಧಾರಣಾ ಆಯೋಗ ಚರ್ಚ್ ಆಸ್ತಿಗಳ ನಿರ್ವಹಣೆಗೆ ಚುನಾಯಿತ ಸಮಿತಿಗಳನ್ನು ಸೂಚಿಸುವ ಕರಡು ಮಸೂದೆ ಮುಂದಿಟ್ಟಿತ್ತು. ಬಿಷಪರು ಅದನ್ನು ಬಲವಾಗಿ ವಿರೋಧಿಸಿದರು, ಮಸೂದೆ ಕಾನೂನಾಗಲಿಲ್ಲ. ಒಳಗಿನವರಿಗೆ ಲೆಕ್ಕ ಕೊಡದ ಸಂಸ್ಥೆಯಿಂದ ಒಂದಲ್ಲ ಒಂದು ದಿನ ಹೊರಗಿನವರು ಲೆಕ್ಕ ಕೇಳುತ್ತಾರೆ. ಅಲ್ಪಸಂಖ್ಯಾತ ಸಂಸ್ಥೆಗಳ ಮೇಲೆ ಅನುಮಾನದ ಕಣ್ಣು ಹೆಚ್ಚಾಗಿರುವ ಕಾಲದಲ್ಲಿ ಈ ಅಪಾಯ ಇನ್ನೂ ದೊಡ್ಡದು.

ಹಣದ ಪ್ರಶ್ನೆ ಕಾಫಿ ಸೀಮೆಯಲ್ಲಿ ಈಗ ಹಿಂದಿಗಿಂತ ತುರ್ತಿನದು. 2024–25ರ ಹಂಗಾಮಿನಲ್ಲಿ ಕಾಫಿ ಬೆಲೆ ದಾಖಲೆ ಮಟ್ಟಕ್ಕೇರಿತು. ಬೆಲೆ ಏರಿದಾಗ ಮಲೆನಾಡಿನಲ್ಲಿ ದೇವಸ್ಥಾನ, ಮಸೀದಿ, ಚರ್ಚುಗಳೆಲ್ಲಕ್ಕೂ ಜೀರ್ಣೋದ್ಧಾರದ ಯೋಚನೆ ಬರುವುದು ವಾಡಿಕೆ. ದೊಡ್ಡ ದೇಣಿಗೆ ಬಂದ ಕಡೆ ದೊಡ್ಡ ಮಾತೂ ಬರುತ್ತದೆ. ಹೊಸ ಸಭಾಂಗಣ ಮೊದಲೋ, ಲೈನು ಮನೆಗಳ ನಡುವಿನ ಸೋರುವ ಉಪಕೇಂದ್ರದ ಮಾಡು ಮೊದಲೋ ಎಂಬುದು ಇಂಥ ಹೊತ್ತಿನಲ್ಲಿ ನಿಜವಾದ ಅಧಿಕಾರದ ಪ್ರಶ್ನೆ. ಮಾಡು ಸೋರುವುದು ಗೊತ್ತಿರುವವರು ಸಮಿತಿಯಲ್ಲಿಲ್ಲದಿದ್ದರೆ ಸಭಾಂಗಣವೇ ಗೆಲ್ಲುತ್ತದೆ.

ಪಾದ್ರಿಗಳ ಕಡೆಯ ವಾದವನ್ನೂ ಕೇಳಬೇಕು. ಬಲಿಪೂಜೆ, ಶಾಲೆ, ಆಸ್ಪತ್ರೆ ಭೇಟಿ, ಸರ್ಕಾರಿ ಕಾಗದಪತ್ರಗಳ ನಡುವೆ ನಲುಗುವ ಅವರಿಗೆ ಹೊಣೆ ಹಂಚಿಕೊಳ್ಳುವವರು ಬೇಕೇ ಬೇಕು. ಆದರೆ ಸಭೆಗೆ ಕರೆದರೆ ಬರುವವರು ಅದೇ ಹತ್ತು ಮಂದಿ. ಪದವಿ ಬೇಕೆನ್ನುವವರು ಕೆಲಸಕ್ಕೆ ಸಿಗುವುದಿಲ್ಲ. ಯುವಕರು ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋದ ಮೇಲೆ ಊರಲ್ಲಿ ಉಳಿದವರು ವಯಸ್ಸಾದವರು. ಈ ಮಾತಿನಲ್ಲಿ ಸತ್ಯವಿದೆ. ಅದಕ್ಕೆ ಉತ್ತರವೂ ಅಲ್ಲಿಯೇ ಇದೆ. ಕೊಯ್ಲಿನ ತಿಂಗಳಲ್ಲಿ, ಕತ್ತಲಾದ ಮೇಲೆ, ತಾಲ್ಲೂಕು ಕೇಂದ್ರದ ಚರ್ಚಿನಲ್ಲಿ ಸಭೆ ಕರೆದರೆ ಜೀಪು ಇದ್ದವರೇ ಬರುತ್ತಾರೆ. ಭಾನುವಾರ ಪೂಜೆ ಮುಗಿದೊಡನೆ ಉಪಕೇಂದ್ರದ ಜಗಲಿಯಲ್ಲೇ ಕೂತರೆ ಬೇರೆಯವರೂ ಬಂದಾರು.

ವ್ಯಾಟಿಕನ್ನಿನ ವೇಳಾಪಟ್ಟಿಯ ಪ್ರಕಾರ ಧರ್ಮಪ್ರಾಂತ್ಯಗಳ ಮೌಲ್ಯಮಾಪನ ಸಭೆ ನಡೆಯಬೇಕಾದ 2027ರ ಮೊದಲ ಆರು ತಿಂಗಳು ಕಾಫಿ ಸೀಮೆಯ ಮಟ್ಟಿಗೆ ಹೀಗಿರುತ್ತವೆ: ಜನವರಿಯಿಂದ ಮಾರ್ಚ್‌ವರೆಗೆ ಅರೇಬಿಕಾದ ಕೊನೆಯ ಕೊಯ್ಲು ಮತ್ತು ರೋಬಸ್ಟಾ, ಅದರ ಬೆನ್ನಿಗೆ ಹೂಮಳೆಯ ಕಾತರ, ಜೂನ್‌ಗೆ ಮುಂಗಾರು. ಬಿಡುವಿರುವುದು ಏಪ್ರಿಲ್ ಮತ್ತು ಮೇ. ಶಾಲೆ ಆರಂಭಕ್ಕೆ ಮುನ್ನ ಪಾದ್ರಿಗಳ ವರ್ಗಾವಣೆ ನಡೆಯುವುದೂ ಸಾಮಾನ್ಯವಾಗಿ ಅದೇ ಹೊತ್ತಿನಲ್ಲಿ. ಮೂಡಿಗೆರೆ, ಕಳಸದ ಧರ್ಮಕೇಂದ್ರಗಳಿಂದ ಆ ಸಭೆಗೆ ಹೋಗುವವರ ಪಟ್ಟಿಯನ್ನು ಹೊರಡುವ ಪಾದ್ರಿ ಬರೆಯುತ್ತಾರೋ, ಆಗತಾನೆ ಬಂದವರು ಬರೆಯುತ್ತಾರೋ, ಪಾಲನಾ ಮಂಡಳಿಯೇ ಕೂತು ಆರಿಸುತ್ತದೋ ಎಂಬುದು ಆಗ ತಿಳಿಯಲಿದೆ.